ಮೈಕ್ರೋಬ್ರೇಕಿಯಸ್ ಅನ್ನೋ ಪುಟ್ಟ ಮೀನಿಗೆ ಅಷ್ಟೊಂದು ಮಹತ್ವ ಯಾಕೆ?

ಸುಮಾರು 38.5 ಕೋಟಿ ವರ್ಷಗಳ ಹಿಂದಿನ ಮೀನು ಇದು. ಉದ್ದ ಬರೀ 8 ಸೆಂಟಿಮೀಟರ್, ಅಂದರೆ ನಮ್ಮ ಬೆರಳಿನಷ್ಟು. ತಲೆಗೂ ಎದೆಗೂ ಮೂಳೆಯ ಗಟ್ಟಿ ಕವಚ, ಅಕ್ಕಪಕ್ಕ ಎರಡು ಮೂಳೆ ತೋಳು. ಹೆಸರಿನ ಅರ್ಥವೂ 'ಪುಟ್ಟ ತೋಳು' ಎಂದೇ. ಸ್ಕಾಟ್ಲೆಂಡಿನ ಓರ್ಕ್ನಿ ದ್ವೀಪಗಳ ಬಂಡೆಗಳಲ್ಲಿ ಇದರ ಪಳೆಯುಳಿಕೆ ಜಾಸ್ತಿ.

ಆ ತೋಳು ಯಾತಕ್ಕೆ? 2014ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಜಾನ್ ಲಾಂಗ್ ಮತ್ತು ಸಂಗಡಿಗರು ಒಳ್ಳೆಯ ಉತ್ತರ ಕೊಟ್ಟರು. ಗಂಡಿನ ಕವಚದ ಹಿಂತುದಿಯಲ್ಲಿ ಕೊಕ್ಕೆಯಂತೆ ಬಾಗಿದ ಮೂಳೆ ಅಂಗವಿದೆ, ಅದರಲ್ಲಿ ವೀರ್ಯ ಹರಿಯಲು ಸಣ್ಣ ಕಾಲುವೆ. ಹೆಣ್ಣಿಗೆ ಅದನ್ನು ಹಿಡಿದಿಡುವ ಒರಟು ಫಲಕಗಳು. ಹಾಗಾಗಿ ಇವು ಪಕ್ಕಪಕ್ಕ ಇದ್ದುಕೊಂಡು, ತೋಳಿಗೆ ತೋಳು ಸಿಕ್ಕಿಸಿ ಕೂಡುತ್ತಿದ್ದವು ಅನ್ನುತ್ತಾರೆ ಅವರು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ದೇಹದೊಳಗೇ ಗರ್ಭ ಕಟ್ಟುತ್ತಿತ್ತು ಎಂಬುದಕ್ಕೆ ಸಿಕ್ಕಿರುವ ಅತಿ ಹಳೆಯ ಪುರಾವೆಗಳಲ್ಲಿ ಇದೂ ಒಂದು. ಬೆರಳುದ್ದದ ಮೀನು ಇಷ್ಟು ದೊಡ್ಡ ವಿಷಯ ಉಳಿಸಿಕೊಂಡಿತ್ತು ಅನ್ನೋದೇ ನನಗೆ ಬೆರಗು.