ಓದುಗರ ಪ್ರಶ್ನೆಗೆ ಉತ್ತರ: ಮೂಕಿ ಚಿತ್ರಗಳ ಮರೆತುಹೋದ ನಗೆಗಾರರು

ಪ್ರಶ್ನೆ: ಮೂಕಿ ಚಿತ್ರಗಳ ಹಾಸ್ಯವೆಂದೊಡನೆ ಚಾಪ್ಲಿನ್, ಬಸ್ಟರ್ ಕೀಟನ್, ಹೆರಾಲ್ಡ್ ಲಾಯ್ಡ್ ಈ ಮೂವರ ಹೆಸರೇ ಕೇಳಿಬರುತ್ತದೆ. ಬಿದ್ದು ಎದ್ದು ನಗಿಸಿದ ಉಳಿದ ನಟರು ಪ್ರತಿಭೆ ಸಾಲದೆ ಮರೆತುಹೋದರೆ? (ಧಾರವಾಡದ ಓದುಗರೊಬ್ಬರು)

ಉತ್ತರ: ಕೆಲವರ ಮಟ್ಟಿಗೆ ಅದು ನಿಜವಿರಬಹುದು. ಒಂದು ಕಾಲಕ್ಕೆ ಬಹಳ ಜನಪ್ರಿಯನಾಗಿದ್ದು, ಕೈಮೀರಿ ಖರ್ಚುಮಾಡಿ, ದಿವಾಳಿಯಾಗಿ 1928ರಲ್ಲಿ ತೀರಿಕೊಂಡ ಲ್ಯಾರಿ ಸೆಮನ್‌ನ ಚಿತ್ರಗಳಲ್ಲಿ ಗದ್ದಲವೇ ಹೆಚ್ಚೆಂದು ನನಗನ್ನಿಸುತ್ತದೆ. ಆದರೆ ಹೆಚ್ಚಿನವರ ವಿಷಯದಲ್ಲಿ ಪ್ರತಿಭೆಗಿಂತ ರೀಲುಗಳ ಹಣೆಬರಹವೇ ಮುಖ್ಯವಾಯಿತು. ಆಗಿನ ನೈಟ್ರೇಟ್ ಫಿಲಂ ಥಟ್ಟನೆ ಹೊತ್ತಿಕೊಳ್ಳುವಂಥದು. ಜೋಪಾನ ಮಾಡದಿದ್ದರೆ ಡಬ್ಬಿಯೊಳಗೇ ಕೊಳೆತು ಪುಡಿಯಾಗುವಂಥದು. ಟಾಕಿ ಬಂದ ಮೇಲೆ ಹಳೆಯ ಮೂಕಿಗಳಿಗೆ ಬೆಲೆಯಿಲ್ಲದಂತಾಗಿ, ಎಷ್ಟೋ ರೀಲುಗಳನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ನಾಶಮಾಡಿದರು. ಚಾಪ್ಲಿನ್ ಮತ್ತು ಲಾಯ್ಡ್ ತಮ್ಮ ಮುಖ್ಯ ಚಿತ್ರಗಳ ಹಕ್ಕನ್ನು ತಾವೇ ಉಳಿಸಿಕೊಂಡಿದ್ದರಿಂದ ಅವುಗಳನ್ನು ಕಾಯುವವರಿದ್ದರು. ಚೌಕಳಿ ಟೋಪಿ ಹಾಕಿಕೊಂಡು ಬಾತುಕೋಳಿಯಂತೆ ನಡೆಯುತ್ತಿದ್ದ ಲಾಯ್ಡ್ ಹ್ಯಾಮಿಲ್ಟನ್‌ಗೆ ಆ ಭಾಗ್ಯವಿರಲಿಲ್ಲ. ಅವನ ಚಿತ್ರಗಳಲ್ಲಿ ಬಹುಪಾಲು 1937ರಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿದ್ದ ಫಿಲಂ ಉಗ್ರಾಣಕ್ಕೆ ಬಿದ್ದ ಬೆಂಕಿಯಲ್ಲಿ ಹೋದವು.

ಮರೆವಿನಿಂದ ಮರಳಿ ಬಂದವರೂ ಉಂಟು. ಫ್ರಾನ್ಸಿನ ಮ್ಯಾಕ್ಸ್ ಲಿಂಡರ್ (1883–1925) ರೇಷ್ಮೆ ಟೋಪಿ, ಕೈಗವಸು, ಬೆತ್ತ ಹಿಡಿದ ಷೋಕಿಲಾಲನ ಪಾತ್ರದಲ್ಲಿ ಚಾಪ್ಲಿನ್‌ಗಿಂತ ಮೊದಲೇ ಲೋಕಪ್ರಸಿದ್ಧನಾಗಿದ್ದ; ಚಾಪ್ಲಿನ್ ತನ್ನನ್ನು ಅವನ ಶಿಷ್ಯನೆಂದೇ ಕರೆದುಕೊಂಡಿದ್ದ. ಅವನು 1921ರಲ್ಲಿ ಅಮೆರಿಕದಲ್ಲಿ ತಯಾರಿಸಿದ ‘ಸೆವೆನ್ ಇಯರ್ಸ್ ಬ್ಯಾಡ್ ಲಕ್’ ಚಿತ್ರದಲ್ಲಿ, ಒಡೆದ ಕನ್ನಡಿಯ ಖಾಲಿ ಚೌಕಟ್ಟಿನ ಆಚೆ ನಿಂತ ಅಡುಗೆಯವನು ಯಜಮಾನನ ಒಂದೊಂದು ಚಲನೆಯನ್ನೂ ಅನುಕರಿಸಿ ಅವನನ್ನು ನಂಬಿಸುತ್ತಾನೆ. ಇದೇ ಬಗೆಯ ದೃಶ್ಯವನ್ನು 1933ರ ‘ಡಕ್ ಸೂಪ್’ನಲ್ಲಿ ಮಾರ್ಕ್ಸ್ ಸಹೋದರರು ಮಾಡಿದರು, ಇಂದು ಜನ ನೆನೆಯುವುದು ಅದನ್ನೇ. ಲಿಂಡರ್ ಮತ್ತು ಅವನ ಹೆಂಡತಿ 1925ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಾಣ ಕಳೆದುಕೊಂಡಾಗ ಹಸುಗೂಸಾಗಿದ್ದ ಮಗಳು ಮೋಡ್, ಬೆಳೆದ ಮೇಲೆ ತಂದೆಯ ರೀಲುಗಳನ್ನು ಹುಡುಕಿ ಕೂಡಿಸುವುದನ್ನೇ ಬದುಕಿನ ಕೆಲಸ ಮಾಡಿಕೊಂಡಳು. ಅವನ ಚಿತ್ರಗಳಿಂದ ಆಕೆ ಆಯ್ದು ಜೋಡಿಸಿದ ಸಂಕಲನ 1963ರಲ್ಲಿ ತೆರೆಕಂಡಿತು.

ಚಾರ್ಲಿ ಬೋವರ್ಸ್‌ನ ಕಥೆ ಇನ್ನೂ ವಿಚಿತ್ರ. 1960ರ ದಶಕದಲ್ಲಿ ಫ್ರಾನ್ಸಿನ ತುಲೂಸ್ ನಗರದ ಚಿತ್ರ ಸಂಗ್ರಹಾಲಯಕ್ಕೆ ‘ಬ್ರಿಕೊಲೊ’ ಎಂಬ ಹೆಸರು ಬರೆದ ಡಬ್ಬಿಗಳು ಸಿಕ್ಕವು. ಅದು ಬೋವರ್ಸ್‌ಗೆ ಫ್ರಾನ್ಸಿನಲ್ಲಿದ್ದ ಅಡ್ಡಹೆಸರೆಂದು ಪತ್ತೆಹಚ್ಚಬೇಕಾಯಿತು. ಅವನ ‘ಎಗ್ಡ್ ಆನ್’ (1926) ಚಿತ್ರದಲ್ಲಿ, ಕಾರಿನ ಎಂಜಿನ್ ಮೇಲಿಟ್ಟ ಮೊಟ್ಟೆಗಳು ಕಾವಿಗೆ ಒಡೆದು ಪುಟಾಣಿ ಕಾರುಗಳು ಹೊರಬಂದು ತಾಯಿ ಕಾರಿನ ಹೊಟ್ಟೆಯಡಿ ಸೇರಿಕೊಳ್ಳುತ್ತವೆ. ಗೊಂಬೆಗಳನ್ನು ಇಂಚಿಂಚೇ ಸರಿಸಿ ಒಂದೊಂದೇ ಚಿತ್ರ ತೆಗೆಯುವ ಈ ಕೈಚಳಕ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಪ್ರಶ್ನೆ: ಮೂಕಿ ಕಾಲದ ನಟನಿಗೆ ದನಿ ಇಲ್ಲದಿದ್ದರೂ ನಡೆಯುತ್ತಿತ್ತೆ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ನಡೆಯುತ್ತಿತ್ತು. ರೇಮಂಡ್ ಗ್ರಿಫಿತ್‌ನ ದನಿ ಪಿಸುಮಾತಿಗಿಂತ ಮೇಲೇಳುತ್ತಿರಲಿಲ್ಲ. ಆದರೂ 1926ರ ‘ಹ್ಯಾಂಡ್ಸ್ ಅಪ್!’ ಚಿತ್ರದಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ ಒಂದಿಷ್ಟೂ ವಿಚಲಿತನಾಗದ ಗೂಢಚಾರನಾಗಿ ಅವನು ನಗಿಸಿದ ರೀತಿ ಯಾರಿಗೂ ಕಡಿಮೆಯದಲ್ಲ. ಟಾಕಿ ಬಂದ ಮೇಲೆ, 1930ರ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’ ಚಿತ್ರದಲ್ಲಿ ಗುಂಡಿಯೊಳಗೆ ಸಾಯುವ ಫ್ರೆಂಚ್ ಸೈನಿಕನಾಗಿ ಮಾತಿಲ್ಲದೆ ನಟಿಸಿ, ಅನಂತರ ನಿರ್ಮಾಪಕನಾದ.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ಚಿತ್ರಗಳು ಬರಲಿಲ್ಲವೆ? (ಮೈಸೂರಿನ ಓದುಗರೊಬ್ಬರು)

ಉತ್ತರ: ಬಂದವು, ಆದರೆ ಭಾರತದ ಮೂಕಿ ಚಿತ್ರಗಳಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು. ಅದೃಷ್ಟವಶಾತ್ ಅವುಗಳಲ್ಲಿ ಕಲ್ಕತ್ತೆಯ ‘ಜಾಮಾಯಿ ಬಾಬು’ (1931) ಸೇರಿದೆ. ಕಾಳೀಪದ ದಾಸ್ ನಿರ್ದೇಶಿಸಿ, ನಾಯಕನಾಗಿ ನಟಿಸಿದ ಈ ಚಿಕ್ಕ ಚಿತ್ರದಲ್ಲಿ, ಅತ್ತೆಮನೆಗೆಂದು ಹಳ್ಳಿಯಿಂದ ಬಂದ ಅಳಿಯ ಮಹಾನಗರದಲ್ಲಿ ದಾರಿ ತಪ್ಪಿ ಬೀದಿಬೀದಿ ಅಲೆಯುತ್ತಾನೆ. ಚಾಪ್ಲಿನ್‌ನ ಪ್ರಭಾವ ಎದ್ದು ಕಾಣುತ್ತದೆಯಾದರೂ, ಅಂದಿನ ಕಲ್ಕತ್ತೆಯನ್ನು ಕಣ್ಣಾರೆ ಕಾಣುವುದಕ್ಕಾಗಿಯೇ ಇದನ್ನು ನೋಡಬೇಕು.