ಬೆರಳಳತೆಯಲ್ಲಿ ಮೋಡ

ಪ್ರಶ್ನೆ: ಅಮ್ಮ, ಅಣ್ಣ ಮತ್ತು ನಾನು ಬೇರೆ ಬೇರೆ ಊರುಗಳಲ್ಲಿದ್ದೇವೆ. ಸಂಜೆಯಾದರೆ ಮೋಡದ ಚಿತ್ರ ತೆಗೆದು ಮೊಬೈಲ್‌ನಲ್ಲಿ ಕಳುಹಿಸಿಕೊಳ್ಳುತ್ತೇವೆ. ಕುರಿಮಂದೆಯಂಥ ಮೋಡ ಕಂಡಾಗಲೆಲ್ಲ ಅದರ ಹೆಸರಿನ ಬಗ್ಗೆ ವಾದ. ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ಪತ್ರ ಓದಿ ಮನಸ್ಸು ಅರಳಿತು. ಈ ವಾದ ಬಗೆಹರಿಸಲು ಕೈಬೆರಳೇ ಸಾಕು. ಮೋಡ ದಿಗಂತದಿಂದ ಸಾಕಷ್ಟು ಮೇಲಿರುವಾಗ ತೋಳನ್ನು ಪೂರ್ತಿ ಚಾಚಿ, ಒಂದು ತುಣುಕಿಗೆ ಬೆರಳನ್ನು ಅಡ್ಡ ಹಿಡಿಯಿರಿ. ಕಿರುಬೆರಳಿನ ಹಿಂದೆ ಮರೆಯಾದರೆ ಸಿರೊಕ್ಯುಮುಲಸ್. ಒಂದರಿಂದ ಮೂರು ಬೆರಳಿನಷ್ಟು ಅಗಲವಿದ್ದರೆ ಆಲ್ಟೊಕ್ಯುಮುಲಸ್. ಅದಕ್ಕೂ ದೊಡ್ಡದಾದರೆ ಸ್ಟ್ರಾಟೊಕ್ಯುಮುಲಸ್. (ಸೂರ್ಯನ ಬಳಿಯ ಮೋಡವನ್ನು ಹೀಗೆ ಅಳೆಯಬೇಡಿ, ಕಣ್ಣಿಗೆ ಅಪಾಯ.) ತುಣುಕಿನ ಬುಡದಲ್ಲಿ ನಸುಬೂದು ನೆರಳು ಕಂಡರೆ ಅದು ಸಿರೊಕ್ಯುಮುಲಸ್ ಅಲ್ಲವೇ ಅಲ್ಲ. ನಿಮ್ಮ ಕುರಿಮಂದೆ ಬಹುಮಟ್ಟಿಗೆ ಆಲ್ಟೊಕ್ಯುಮುಲಸ್ ಇರಬೇಕು. ಮೊಬೈಲನ್ನು ಕಣ್ಣಿನ ಬಳಿ ಹಿಡಿದು, ಚಾಚಿದ ಬೆರಳೂ ಕಾಣುವಂತೆ ಚಿತ್ರ ತೆಗೆದರೆ ಮೂವರೂ ಒಟ್ಟಿಗೆ ಅಳೆಯಬಹುದು.

ಈ ಹೆಸರುಗಳ ಬೇರು ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೊವರ್ಡ್ 1802ರಲ್ಲಿ ಮಾಡಿದ ವಿಂಗಡಣೆಯಲ್ಲಿದೆ. ಆದರೆ ಹೆಸರಿಗಿಂತ ಮೊದಲು ಜೊತೆಗೊಬ್ಬರು ಬೇಕು. ಹಿಂಜಿದ ಅರಳೆಯಂಥ ಸಿರಸ್ ಕಂಡರೆ ನನ್ನ ತಂದೆ ಕೂಗಿ ಕರೆದು, ಎಳೆಯ ತುದಿಯ ಕೊಕ್ಕೆಯನ್ನು ತೋರಿಸುತ್ತಿದ್ದರು. ಆ ಎಳೆ ಬೀಳುತ್ತಿರುವ ಹಿಮಹರಳುಗಳದ್ದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಿಳಿದ ದಿನ ಮೊದಲು ಹೇಳಿದ್ದು ಅವರಿಗೇ.