ಲಿಕ್ಟನ್‌ಸ್ಟೈನ್ ಮತ್ತು ಜೆಕ್ ಗಣರಾಜ್ಯದ ನಡುವೆ 2009ರವರೆಗೂ ರಾಜತಾಂತ್ರಿಕ ಸಂಬಂಧ ಏಕಿರಲಿಲ್ಲ?

ಕಾರಣ ಆಸ್ತಿ ಜಗಳ. 1945ರಲ್ಲಿ ಜೆಕೊಸ್ಲೊವಾಕಿಯ (ಇಂದಿನ ಜೆಕ್ ಗಣರಾಜ್ಯ ಮತ್ತು ಸ್ಲೊವಾಕಿಯ ಸೇರಿದ್ದ ದೇಶ), ತನ್ನ ಅಧ್ಯಕ್ಷ ಬೆನೆಶ್ ಅವರ ಆಜ್ಞೆಗಳ ಪ್ರಕಾರ ಜರ್ಮನ್ನರ ಆಸ್ತಿಯನ್ನು ಪರಿಹಾರವಿಲ್ಲದೆ ಮುಟ್ಟುಗೋಲು ಹಾಕಿಕೊಂಡಿತು. ಲಿಕ್ಟನ್‌ಸ್ಟೈನ್ ರಾಜಮನೆತನವನ್ನೂ ಅದೇ ಪಟ್ಟಿಗೆ ಸೇರಿಸಿತು. ಲೆಡ್ನಿಟ್ಸೆ, ವಾಲ್ಟಿಟ್ಸೆ ಅರಮನೆಗಳ ಜೊತೆಗೆ ಹೋದ ಕಾಡು, ಜಮೀನು ಎಲ್ಲ ಸೇರಿದರೆ, 160 ಚದರ ಕಿ.ಮೀ.ಯ ಆ ಪುಟ್ಟ ದೇಶಕ್ಕಿಂತ ಹಲವು ಪಟ್ಟು ದೊಡ್ಡದು!

ಆದರೆ ಆಸ್ತಿ ಜಗಳಕ್ಕೆ ರಾಯಭಾರ ಸಂಬಂಧ ಏಕೆ ನಿಲ್ಲಬೇಕು? ಗಂಟು ಇರುವುದು ಇಲ್ಲೇ. ಲಿಕ್ಟನ್‌ಸ್ಟೈನ್ ಯುದ್ಧದಲ್ಲಿ ತಟಸ್ಥವಾಗಿತ್ತು. ಅದು ಆಗಲೂ ಸ್ವತಂತ್ರ ದೇಶವೇ ಆಗಿತ್ತು ಎಂದು ಒಪ್ಪಿದರೆ, ಅದರ ರಾಜ ಜರ್ಮನ್ ಪ್ರಜೆಯಲ್ಲ, ಪರದೇಶದ ಮುಖ್ಯಸ್ಥ ಎಂದಾಗುತ್ತದೆ. ಆಗ ಮುಟ್ಟುಗೋಲಿನ ಬುಡವೇ ಅಲುಗುತ್ತದೆ. ಹಾಗಾಗಿ ಪ್ರಾಗ್‌ಗೆ ಮಾನ್ಯತೆ ಎಂಬುದು ಬರೀ ಶಿಷ್ಟಾಚಾರವಾಗಿರಲಿಲ್ಲ. ಇನ್ನೊಂದು ಕಡೆ ಲಿಕ್ಟನ್‌ಸ್ಟೈನ್‌ನ ರಾಜಧಾನಿ ವಾಡುಜ್ ಕೂಡ, ತಾನು ಹೊಸದಾಗಿ ಹುಟ್ಟಿದ ದೇಶ ಎಂಬಂತೆ ಸಿಗುವ ಮಾನ್ಯತೆಗೆ ಸಿದ್ಧವಿರಲಿಲ್ಲ. (ರಾಜ ವಿಯೆನ್ನಾ ಬಿಟ್ಟು ವಾಡುಜ್‌ನಲ್ಲಿ ನೆಲೆಸಿದ್ದೇ 1938ರಲ್ಲಿ, ಗೊಂದಲಕ್ಕೆ ಅದೂ ಸ್ವಲ್ಪ ಕಾರಣ ಅನ್ನಿಸುತ್ತದೆ.)

2009ರಲ್ಲಿ ಎರಡೂ ಕಡೆಯವರು ಆಸ್ತಿಯ ಮಾತನ್ನು ಪಕ್ಕಕ್ಕಿಟ್ಟು ಸಂಬಂಧ ಆರಂಭಿಸಿದರು. ಇತಿಹಾಸಕಾರರ ಜಂಟಿ ಆಯೋಗವೂ ರಚನೆಯಾಯಿತು. ಸ್ಲೊವಾಕಿಯ ಜೊತೆಗಿನ ಸಂಬಂಧವೂ ಅದೇ ವರ್ಷ ಶುರುವಾಯಿತು. ಜಗಳ ಮಾತ್ರ ಮುಗಿಯಲಿಲ್ಲ: 2020ರಲ್ಲಿ ಲಿಕ್ಟನ್‌ಸ್ಟೈನ್, ಜೆಕ್ ಗಣರಾಜ್ಯದ ವಿರುದ್ಧ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿತು.